ಮುದ್ರೆಯಿಲ್ಲದ ಚಮಚ

ಮಗುವಿನ ಹೊಟ್ಟೆಗೆ ಔಷಧ ಹೆಚ್ಚಾಗಿ ಬಿತ್ತೆಂದು ತಿಳಿದ ಕೂಡಲೆ ಮನೆಯಲ್ಲಿ, ನೆರೆಯಲ್ಲಿ, ಆಸ್ಪತ್ರೆಯ ಹೊಸ್ತಿಲಲ್ಲಿ ಕೇಳಿಬರುವ ಮೊದಲ ಪ್ರಶ್ನೆ ಒಂದೇ: "ಕೊಟ್ಟವರು ಯಾರು?" ಎಷ್ಟು ಕೊಟ್ಟರು, ಯಾವ ಸೀಸೆಯಿಂದ ಕೊಟ್ಟರು, ಎಷ್ಟು ಗಂಟೆಗೆ ಕೊಟ್ಟರು ಎಂಬ ಪ್ರಶ್ನೆಗಳು, ಎಂದರೆ ಮಗುವಿನ ಜೀವ ಉಳಿಸತಕ್ಕ ಪ್ರಶ್ನೆಗಳು, ಆಮೇಲೆ ಬರುತ್ತವೆ. ಕೆಲವು ಕಡೆ ಬರುವುದೇ ಇಲ್ಲ. ಕೊಟ್ಟವಳು ತಾಯಿ, ಇಲ್ಲವೇ ಅಜ್ಜಿ, ಇಲ್ಲವೇ ತಾಯಿ ಪಾಳಿಗೆ ಹೋದಾಗ ಮನೆ ಕಾಯುವ ಹತ್ತು ಹನ್ನೆರಡರ ಹಿರಿಯ ಮಗಳು. ತಪ್ಪಿತಸ್ಥರು ಸಿಕ್ಕಿದರೆಂದು ಎಲ್ಲರಿಗೂ ಸಮಾಧಾನ. ಸೀಸೆ ತಯಾರಿಸಿದವನು, ಅದರ ಮೇಲೆ ಓದಲಾಗದ ಅಕ್ಷರ ಅಚ್ಚು ಹಾಕಿಸಿದವನು, ಚೀಟಿಯಲ್ಲಿ ಗೀಚಿದವನು, ಗಡಿಬಿಡಿಯಲ್ಲಿ ಕಟ್ಟಿಕೊಟ್ಟವನು, ಇವರಾರೂ ಆ ವಿಚಾರಣೆಗೆ ಹಾಜರಾಗುವುದಿಲ್ಲ.

ಈ ವಿಚಾರಣೆ ಅನ್ಯಾಯದ್ದು. ಅದಕ್ಕಿಂತ ಹೆಚ್ಚಾಗಿ ಅಪಾಯದ್ದು. ಬೈಗುಳಕ್ಕೆ ಹೆದರಿದ ತಾಯಿ ನಡೆದದ್ದನ್ನು ಮುಚ್ಚಿಡುತ್ತಾಳೆ. ಮುಚ್ಚಿಟ್ಟ ಗಂಟೆಗಳು ಮಗುವಿನ ಲೆಕ್ಕದಿಂದ ಕಳೆದುಹೋಗುತ್ತವೆ. ಆದಕಾರಣ ಈ ವಾರ ನಮ್ಮ ವಾಚಕರೊಡನೆ ಈ ವಿಷಯವನ್ನು ಸ್ವಲ್ಪ ವಿವರವಾಗಿಯೇ ಮಾತನಾಡಬೇಕೆಂದಿದ್ದೇವೆ.

ಜ್ವರದ ಔಷಧವನ್ನೇ ತೆಗೆದುಕೊಳ್ಳೋಣ. ಪ್ಯಾರಾಸಿಟಮಾಲ್ ಇಂದು ಬೆಂಕಿಪೆಟ್ಟಿಗೆಯಷ್ಟೇ ಸಾಮಾನ್ಯವಾದ ಮನೆಸಾಮಾನು. ಮಗುವಿನ ತೂಕದ ಕಿಲೋ ಒಂದಕ್ಕೆ 10ರಿಂದ 15 ಮಿಲಿಗ್ರಾಂ, ನಾಲ್ಕರಿಂದ ಆರು ಗಂಟೆಗೊಮ್ಮೆ, ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ಬೇಡ: ಇದು ವೈದ್ಯರ ಲೆಕ್ಕ. ಆದರೆ ಅಂಗಡಿಯಲ್ಲಿ ಈ ಔಷಧ ಒಂದೇ ಬಲದಲ್ಲಿ ಸಿಗುವುದಿಲ್ಲ. ಹಸುಗೂಸಿಗೆಂದು ಮಾರುವ ಡ್ರಾಪ್ಸ್‌ನಲ್ಲಿ ಒಂದು ಮಿಲಿಗೆ 100 ಮಿಲಿಗ್ರಾಂ. ಸಾಮಾನ್ಯ ಸಿರಪ್ಪಿನಲ್ಲಿ ಐದು ಮಿಲಿಗೆ 120 ಅಥವಾ 125. ಹೆಸರಿನ ಮುಂದೆ 'ಡಿ.ಎಸ್.' ಎಂದೋ ಇನ್ನೇನೋ ಬಾಲ ಅಂಟಿಸಿಕೊಂಡದ್ದರಲ್ಲಿ ಐದು ಮಿಲಿಗೆ 250. ಚಿಕ್ಕ ಸೀಸೆ, ಚಿಕ್ಕ ಮಗುವಿನದು, ಆದ್ದರಿಂದ ಸೌಮ್ಯವಾದದ್ದು ಎಂದು ಯಾರಾದರೂ ತಿಳಿಯುವುದು ಸಹಜ. ನಿಜ ಇದಕ್ಕೆ ತಿರುಗಾಮುರುಗಾ. ಚಿಕ್ಕ ಸೀಸೆಯ ಡ್ರಾಪ್ಸು ಸಾಮಾನ್ಯ ಸಿರಪ್ಪಿಗಿಂತ ನಾಲ್ಕು ಪಟ್ಟು ಗಟ್ಟಿ. ಹತ್ತು ಕಿಲೋ ತೂಗುವ ಮಗುವಿಗೆ ಸಿರಪ್ಪಿನ ಲೆಕ್ಕದಲ್ಲಿ "ಐದು ಮಿಲಿ ಹಾಕಮ್ಮಾ" ಎಂದು ಹೇಳಿದ್ದನ್ನು ಡ್ರಾಪ್ಸಿನ ಸೀಸೆಯಿಂದ ಹಾಕಿದರೆ, ಹೆಚ್ಚೆಂದರೆ 150 ಮಿಲಿಗ್ರಾಂ ಹೋಗಬೇಕಾದ ಹೊಟ್ಟೆಗೆ ಒಂದೇ ಗುಟುಕಿಗೆ 500 ಹೋಗುತ್ತದೆ. ಹಾಕಿದವಳು ಹೇಳಿದಂತೆಯೇ ಮಾಡಿದ್ದಾಳೆ!

ಇನ್ನೂ ಇದೆ. ನೆಗಡಿಗೆಂದು ಕೊಟ್ಟ ಸಿರಪ್ಪುಗಳಲ್ಲಿ ಹಲವಕ್ಕೆ ಪ್ಯಾರಾಸಿಟಮಾಲ್ ಮೊದಲೇ ಬೆರೆತಿರುತ್ತದೆ. ಜ್ವರಕ್ಕೊಂದು, ನೆಗಡಿಗೊಂದು ಎಂದು ಎರಡನ್ನೂ ಹಾಕಿದರೆ ಒಂದೇ ಔಷಧ ಎರಡು ಹೆಸರಿನಲ್ಲಿ ಒಳಗೆ ಹೋಗುತ್ತದೆ. ಪುಡಿಯ ರೂಪದ ಸೀಸೆಗೆ ಗೆರೆಯವರೆಗೆ ಕಾಯಿಸಿ ಆರಿಸಿದ ನೀರು ಹಾಕಬೇಕು. ಗೆರೆ ಎಲ್ಲಿದೆ ಎಂದು ಅಂಗಡಿಯವನು ತೋರಿಸದಿದ್ದರೆ ನೀರು ಕಡಿಮೆಯಾಗಿ ಔಷಧ ಗಟ್ಟಿಯಾಗುತ್ತದೆ. ವಾಂತಿಭೇದಿಗೆ ಕೊಡುವ ಓ.ಆರ್.ಎಸ್. ಪುಡಿಯೂ ಹಾಗೆಯೇ. ದೊಡ್ಡ ಪೊಟ್ಟಣ ಒಂದು ಲೀಟರು ನೀರಿಗೆ, ಚಿಕ್ಕದು 200 ಮಿಲಿಗೆ. ದೊಡ್ಡದನ್ನು ಒಂದು ಲೋಟಕ್ಕೆ ಸುರಿದರೆ ಜೀವ ಉಳಿಸಬೇಕಾದ ನೀರೇ ಉಪ್ಪಿನ ವಿಷವಾಗುತ್ತದೆ. ಅರ್ಧ ಮಾತ್ರೆ ಪುಡಿಮಾಡಿ ಕೊಡುವ ಪದ್ಧತಿಯಂತೂ ನಮ್ಮ ಕೇರಿಗಳಲ್ಲಿ ಹಳೆಯದು. ಯಾವ ಮಾತ್ರೆಯ ಅರ್ಧ? ಐನೂರರದ್ದೋ, ಆರುನೂರೈವತ್ತರದ್ದೋ? ಕಿರಾಣಿ ಅಂಗಡಿಯಲ್ಲಿ ಪಟ್ಟಿಯಿಂದ ಕತ್ತರಿಸಿ ಕೊಡುವಾಗ ಹೆಸರೂ ಅಂಕಿಯೂ ಕತ್ತರಿಯ ಆಚೆಗೇ ಉಳಿದುಬಿಡುತ್ತವೆ.

ಇದರ ಮೇಲೆ ಪಾಳಿಯ ಜೀವನ. ತಾಯಿ ರಾತ್ರಿ ಹತ್ತಕ್ಕೆ ಒಂದು ಚಮಚ ಹಾಕಿ ನಿದ್ದೆ ಹೋಗಿದ್ದಾಳೆ. ಎರಡನೆಯ ಪಾಳಿ ಮುಗಿಸಿ ಬಂದ ತಂದೆ ಮಗು ಕೆಂಡದಂತೆ ಸುಡುವುದನ್ನು ಕಂಡು, ಅವಳನ್ನು ಎಬ್ಬಿಸಲು ಮನಸ್ಸು ಬಾರದೆ, ತಾನೂ ಒಂದು ಚಮಚ ಹಾಕುತ್ತಾನೆ. ಬೆಳಗಿನ ಜಾವ ಅಜ್ಜಿ ಮತ್ತೊಂದು. ಮೂವರದೂ ಪ್ರೀತಿಯೇ. ಗಿರಣಿಯಲ್ಲಿ ಪಾಳಿ ಬದಲಾಗುವಾಗ ಯಂತ್ರದ ಸ್ಥಿತಿಗತಿಯನ್ನು ಬರೆದಿಡುವ ಪುಸ್ತಕವುಂಟು. ಮನೆಯ ಪಾಳಿಗೆ ಪುಸ್ತಕವಿಲ್ಲ. ಗೋಡೆಯ ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಕೊಟ್ಟ ಗಂಟೆಯನ್ನು ಪೆನ್ಸಿಲಿನಿಂದ ಗುರುತು ಮಾಡಿದರೆ ಸಾಕು, ಈ ಬಗೆಯ ತಪ್ಪು ಬಹುಮಟ್ಟಿಗೆ ನಿಲ್ಲುತ್ತದೆ.

ಇದೆಲ್ಲ ಓದುಬರಹ ಇಲ್ಲದವರ ಅಜ್ಞಾನದ ಫಲವೆಂದು ಹೇಳುವ ಮಹನೀಯರು ಉಂಟು. ಅವರಿಗೆ ಅಮೆರಿಕದ ಒಂದು ಪರೀಕ್ಷೆಯ ಸಂಗತಿಯನ್ನು ತಿಳಿಸಬಯಸುತ್ತೇವೆ. ಎರಡು ಸಾವಿರಕ್ಕೂ ಹೆಚ್ಚು ತಂದೆತಾಯಿಗಳ ಕೈಗೆ ಮಕ್ಕಳ ಔಷಧದ ಸೀಸೆ, ಅಳತೆಯ ಬಟ್ಟಲು, ಸಿರಿಂಜು ಕೊಟ್ಟು, ಒಂಬತ್ತು ಸಲ ಅಳೆಯಲು ಹೇಳಿದರು. ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ರಾತ್ರಿಯಲ್ಲ, ಮಗು ಅಳುತ್ತಿಲ್ಲ, ಯಾರೂ ಗದರಿಸುತ್ತಿಲ್ಲ. ಆದರೂ ನೂರಕ್ಕೆ 84 ಮಂದಿ ಕನಿಷ್ಠ ಒಂದು ಸಲವಾದರೂ ತಪ್ಪಿದರು. ಐವರಲ್ಲಿ ಒಬ್ಬರು ಒಮ್ಮೆಯಾದರೂ ಎರಡು ಪಟ್ಟಿಗಿಂತ ಹೆಚ್ಚು ಅಳೆದರು. ಬಟ್ಟಲಿನಲ್ಲಿ ಅಳೆದಾಗ ತಪ್ಪು ಹೆಚ್ಚು, ಸಿರಿಂಜಿನಲ್ಲಿ ಬಹಳ ಕಡಿಮೆ. ಇದಕ್ಕೆ ಆರು ವರ್ಷ ಹಿಂದೆ, 2010ರಲ್ಲಿ, ಅಲ್ಲಿಯ ಅಂಗಡಿಗಳಲ್ಲಿ ಹೆಚ್ಚು ಮಾರಾಟವಾಗುವ 200 ಮಕ್ಕಳ ಔಷಧಗಳನ್ನು ಪರಿಶೀಲಿಸಿದಾಗ ನಾಲ್ಕರಲ್ಲಿ ಒಂದಕ್ಕೆ ಅಳತೆಯ ಸಾಧನವೇ ಇರಲಿಲ್ಲ. ಇದ್ದವುಗಳಲ್ಲಿ ಹೆಚ್ಚುಕಡಿಮೆ ಎಲ್ಲದರಲ್ಲೂ ಸೀಸೆಯ ಮೇಲಿನ ಬರಹಕ್ಕೂ ಸಾಧನದ ಗೆರೆಗಳಿಗೂ ಹೊಂದಾಣಿಕೆ ಇರಲಿಲ್ಲ. ಓದಿದವರ ದೇಶದ ಕಥೆ ಇದು. ಆ ದೇಶದಲ್ಲಿ ಮುಂದೆ ಏನಾಯಿತು? ಹಸುಗೂಸಿನ ಗಟ್ಟಿ ಡ್ರಾಪ್ಸು, ದೊಡ್ಡ ಮಗುವಿನ ತೆಳು ಸಿರಪ್ಪು ಎಂಬ ಎರಡು ಬಲಗಳ ಗೊಂದಲದಿಂದ ಮಕ್ಕಳು ಸತ್ತ ಮೇಲೆ, 2011ರಲ್ಲಿ ಕಂಪೆನಿಗಳು ಮಕ್ಕಳ ದ್ರವ ಪ್ಯಾರಾಸಿಟಮಾಲನ್ನು ಐದು ಮಿಲಿಗೆ 160 ಮಿಲಿಗ್ರಾಮಿನ ಒಂದೇ ಬಲಕ್ಕೆ ತಂದವು. ತಾಯಂದಿರಿಗೆ ಬುದ್ಧಿ ಹೇಳಿ ಸುಮ್ಮನಾಗಲಿಲ್ಲ, ಸೀಸೆಯನ್ನೇ ಬದಲಿಸಿದರು. ನಮ್ಮ ಅಂಗಡಿಯ ಕಪಾಟಿನಲ್ಲಿ ಮೂರು ಬಲಗಳೂ ಪಕ್ಕಪಕ್ಕದಲ್ಲಿ ಕುಳಿತಿವೆ.

ಈಗ ಚಮಚದ ಮಾತು. ನಮ್ಮ ವಾಚಕರಲ್ಲಿ ಸಣ್ಣ ವ್ಯಾಪಾರಿಗಳು ಅನೇಕರು. ಅವರು ಈ ಮಾತನ್ನು ಬೇರೆ ಯಾರಿಗಿಂತಲೂ ಬೇಗ ತಿಳಿಯಬಲ್ಲರು. 1956ರಲ್ಲಿ ತೂಕ ಮತ್ತು ಅಳತೆಯ ಕಾಯಿದೆ ಬಂದು, 1958ರ ಅಕ್ಟೋಬರಿನಿಂದ ಸೇರು, ಪಾವು, ತೊಲಗಳು ಹಂತಹಂತವಾಗಿ ಹೋಗಿ ಕಿಲೋ, ಲೀಟರು ಬಂದವು. ಅಂದಿನಿಂದ ಇಂದಿನವರೆಗೆ, ಈಗಿನ 2009ರ ಕಾಯಿದೆಯಲ್ಲೂ, ಬೇಳೆ ತೂಗುವ ತಕ್ಕಡಿಗೆ, ಕಲ್ಲಿಗೆ, ಎಣ್ಣೆಯ ಅಳತೆಗೆ ಸರಕಾರದ ಮುದ್ರೆ ಬೇಕು. ಮುದ್ರೆ ಹಳೆಯದಾದರೆ ಇನ್ಸ್‌ಪೆಕ್ಟರು ಬಂದು ದಂಡ ಹಾಕುತ್ತಾನೆ. ನೂರು ಗ್ರಾಂ ಸಕ್ಕರೆಯಲ್ಲಿ ಐದು ಗ್ರಾಂ ಕಡಿಮೆಯಾದರೆ ಅದು ಅಪರಾಧ. ಒಳ್ಳೆಯದೇ. ಆದರೆ ಎಂಟು ಕಿಲೋ ಕೂಸಿನ ಬಾಯಿಗೆ ಔಷಧ ಸುರಿಯುವ ಅಳತೆ ಯಾವುದು? ಸಾರಿನ ಚಮಚ, ಚಹಾದ ಚಮಚ, ಸೀಸೆಯ ಮುಚ್ಚಳ! 2010ರಲ್ಲಿ ಗ್ರೀಸ್ ದೇಶದಲ್ಲಿ 25 ಮನೆಗಳ ಚಹಾ ಚಮಚಗಳನ್ನು ತಂದು ಅಳೆದು ನೋಡಿದರು. ಒಂದು ಚಮಚದಲ್ಲಿ 2.5 ಮಿಲಿ ಹಿಡಿಯಿತು, ಮತ್ತೊಂದರಲ್ಲಿ 7.3. ಎರಡಕ್ಕೂ ಹೆಸರು 'ಒಂದು ಚಮಚ'. ಹೀಗೆ ತೂಗಿ ಬೆಲ್ಲ ಮಾರಿದರೆ ಗಿರಾಕಿ ಸುಮ್ಮನಿರುತ್ತಾನೆಯೇ?

ಸೂಜಿ ತೆಗೆದ ಐದು ಮಿಲಿಯ ಸಿರಿಂಜಿನಲ್ಲಿ ಗೆರೆಗಳು ಸ್ಪಷ್ಟವಾಗಿರುತ್ತವೆ. ಅದರ ಬೆಲೆ ಒಂದು ಲೋಟ ಚಹಾದ ಬೆಲೆಗಿಂತ ಹೆಚ್ಚಲ್ಲ. ತುದಿಯ ಟೋಪಿಯನ್ನು ಮೊದಲೇ ಎಸೆದುಬಿಡಬೇಕು, ಇಲ್ಲದಿದ್ದರೆ ಅದೇ ಮಗುವಿನ ಗಂಟಲಲ್ಲಿ ಸಿಕ್ಕೀತು. ಔಷಧದ ಅಂಗಡಿಯವರು ಸೀಸೆ ಕೊಡುವಾಗ ಸಿರಿಂಜಿನ ಯಾವ ಗೆರೆಯವರೆಗೆ ಎಂದು ಪೆನ್ನಿನಿಂದ ಗುರುತು ಹಾಕಿಕೊಟ್ಟರೆ ಓದು ಬಾರದ ಅಜ್ಜಿಯೂ ತಪ್ಪುವುದಿಲ್ಲ.

ಇಷ್ಟಾದರೂ ತಪ್ಪು ನಡೆದೇ ಹೋಯಿತೆನ್ನಿ. ಆಗ ಏನು ಮಾಡತಕ್ಕದ್ದು?

ಮೊದಲು, ಮುಚ್ಚಿಡಬೇಡಿ. ಒಂದು ಸಲ ಸ್ವಲ್ಪ ಹೆಚ್ಚಾದ ಪ್ಯಾರಾಸಿಟಮಾಲ್ ಬಹುಪಾಲು ಮಕ್ಕಳಿಗೆ ಕೇಡು ಮಾಡುವುದಿಲ್ಲ. ಮೇಲೆ ಹೇಳಿದ ಐನೂರರ ಗುಟುಕು ಹತ್ತು ಕಿಲೋ ಮಗುವಿಗೆ ಕಿಲೋಗೆ 50 ಮಿಲಿಗ್ರಾಂ ಆಯಿತು. ಒಂದೇ ಸಲಕ್ಕೆ ಕಿಲೋಗೆ 150ರ ಸಮೀಪ ಹೋದಾಗ ವೈದ್ಯರು ಪಿತ್ತಜನಕಾಂಗದ ಬಗ್ಗೆ ಚಿಂತಿಸತೊಡಗುತ್ತಾರೆ. ಆದರೆ ಅದೇ ಹೆಚ್ಚಿನ ಪ್ರಮಾಣ ಎರಡು ಮೂರು ದಿನ ಮತ್ತೆ ಮತ್ತೆ ಬಿದ್ದರೆ ಮಾತೇ ಬೇರೆ. ಲೆಕ್ಕ ಹಾಕುವ ಕೆಲಸ ವೈದ್ಯರದು. ಲೆಕ್ಕಕ್ಕೆ ಬೇಕಾದ ಅಂಕಿ ಕೊಡುವುದು ನಮ್ಮದು. ಸೀಸೆಯನ್ನೂ, ಕೊಟ್ಟ ಚಮಚವನ್ನೂ ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಗಂಟೆ ಹೇಳಿ. ಮಗುವಿನ ತೂಕ ಗೊತ್ತಿದ್ದರೆ ಹೇಳಿ.

ಎರಡನೆಯದು, ಮಗು ಆಡುತ್ತಿದೆ, ನಗುತ್ತಿದೆ ಎಂದು ಮೋಸ ಹೋಗಬೇಡಿ. ಈ ಔಷಧದ ವಿಷ ಮೊದಲ ದಿನ ಮುಖ ತೋರಿಸದೆ ಇರಬಹುದು. ಪಿತ್ತಜನಕಾಂಗದ ಹಾನಿ ಕಾಣಿಸುವುದು ಒಂದೆರಡು ದಿನ ಕಳೆದ ಮೇಲೆ. ಇದಕ್ಕೆ ಪ್ರತಿವಿಷವುಂಟು, ಎನ್-ಅಸಿಟೈಲ್‌ಸಿಸ್ಟೀನ್ ಎಂದು ಅದರ ಹೆಸರು. ಎಂಟು ಗಂಟೆಯ ಒಳಗೆ ಕೊಟ್ಟರೆ ಅದು ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ, ತಡವಾದರೂ ಉಪಯೋಗವಿಲ್ಲದಿಲ್ಲ. ಎಂಟು ಗಂಟೆಯೆಂದರೆ ಒಂದು ಪಾಳಿ. ಮನೆಯಲ್ಲಿ ಜಗಳವಾಡುತ್ತ, ಹೇಳೋಣವೋ ಬೇಡವೋ ಎಂದು ಕಳೆಯುವುದೂ ಸಾಮಾನ್ಯವಾಗಿ ಅಷ್ಟೇ ಹೊತ್ತು.

ವಾಂತಿ ಮಾಡಿಸಲು ಉಪ್ಪುನೀರು, ಹುಣಿಸೆಹಣ್ಣಿನ ನೀರು ಕುಡಿಸುವುದು, ಬಾಯಿಗೆ ಬೆರಳು ಹಾಕುವುದು ಸರ್ವಥಾ ಕೂಡದು. ಉಪ್ಪುನೀರೇ ಕೂಸನ್ನು ಕೊಲ್ಲಬಲ್ಲದು. ಮಗು ಮಂಪರಾಗಿದ್ದರೆ, ಉಸಿರಾಟ ಏರುಪೇರಾಗಿದ್ದರೆ, ಫಿಟ್ಸು ಬಂದರೆ 108ಕ್ಕೆ ಫೋನು ಮಾಡಿ. ಕೊಟ್ಟದ್ದು ನಿದ್ದೆಯ, ಫಿಟ್ಸಿನ, ಸಕ್ಕರೆ ಕಾಯಿಲೆಯ, ರಕ್ತದೊತ್ತಡದ, ಹೃದಯದ ಔಷಧವಾಗಿದ್ದರೆ ಯಾವ ಲಕ್ಷಣಕ್ಕೂ ಕಾಯಬೇಡಿ. ತಾಯಿಯ ಕಬ್ಬಿಣದ ಮಾತ್ರೆಗಳನ್ನು ಮಗು ನುಂಗಿದ್ದರೂ ಅಷ್ಟೇ. ಬಸುರಿಯರಿಗೆ ಪುಕ್ಕಟೆ ಹಂಚುವ ಮಾತ್ರೆಯೆಂದು ಹಗುರವಾಗಿ ಎಣಿಸಬಾರದು.

ತಪ್ಪು ಮನೆಯಲ್ಲೇ ನಡೆಯಬೇಕೆಂದೇನೂ ಇಲ್ಲ. 1993ರ ಡಿಸೆಂಬರಿನಲ್ಲಿ ದಿಲ್ಲಿಯ ಸ್ಪ್ರಿಂಗ್ ಮೆಡೋಸ್ ಆಸ್ಪತ್ರೆಗೆ ವಿಷಮಶೀತ ಜ್ವರವೆಂದು ಸೇರಿಸಿದ್ದ ಮಗುವಿಗೆ ವೈದ್ಯರು ಬರೆದದ್ದು ಕ್ಲೋರೋಮೈಸೆಟಿನ್. ನರ್ಸು ಕೊಟ್ಟದ್ದು ಮಲೇರಿಯಾಕ್ಕೆ ಬಳಸುವ ಕ್ಲೋರೋಕ್ವಿನ್ ಚುಚ್ಚುಮದ್ದು. ತಾಯಿಯ ಮಡಿಲಲ್ಲಿದ್ದಂತೆಯೇ ಮಗು ಕುಸಿಯಿತು. ಜೀವ ಉಳಿಯಿತು, ಮಿದುಳು ಉಳಿಯಲಿಲ್ಲ. ಆ ನರ್ಸಿಗೆ ಬೇಕಾದ ಅರ್ಹತೆಯೇ ಇರಲಿಲ್ಲ. ಅಗ್ಗದ ಸಂಬಳಕ್ಕೆ ಅರ್ಹತೆಯಿಲ್ಲದವರನ್ನು ಇಟ್ಟುಕೊಂಡು ಪೂರ್ಣ ಬಿಲ್ಲು ವಸೂಲಿ ಮಾಡುವ ಪದ್ಧತಿ ದಿಲ್ಲಿಗೆ ಸೀಮಿತವಾದುದೆಂದು ನಮ್ಮ ವಾಚಕರು ಭಾವಿಸುವುದಿಲ್ಲವೆಂದು ನಂಬಿದ್ದೇವೆ. 1998ರ ಮಾರ್ಚಿಯಲ್ಲಿ ಸುಪ್ರೀಂ ಕೋರ್ಟು ಮಗುವಿಗೆ ಹನ್ನೆರಡೂವರೆ ಲಕ್ಷ, ತಂದೆತಾಯಿಗೆ ಐದು ಲಕ್ಷ ರೂಪಾಯಿ ಪರಿಹಾರವನ್ನು ಎತ್ತಿಹಿಡಿಯಿತು. ಹಣಕ್ಕಿಂತ ಮುಖ್ಯವಾದ ಮಾತೊಂದು ಆ ತೀರ್ಪಿನಲ್ಲಿದೆ: ಮಗು ಮಾತ್ರವಲ್ಲ, ಮಗುವನ್ನು ಕರೆತಂದ ತಂದೆತಾಯಿಯೂ ಗ್ರಾಹಕರೇ, ಅವರು ಪಟ್ಟ ಸಂಕಟಕ್ಕೂ ಬೇರೆಯಾಗಿಯೇ ಪರಿಹಾರವುಂಟು. 2007ರಲ್ಲಿ ಅದೇ ನ್ಯಾಯಾಲಯ ಇ.ಎಸ್.ಐ. ಆಸ್ಪತ್ರೆಗಳ ಸೇವೆಯೂ ಗ್ರಾಹಕ ಕಾಯಿದೆಗೆ ಒಳಪಡುತ್ತದೆಂದು ಹೇಳಿತು. ಕಾರ್ಮಿಕ ವಂತಿಗೆ ಕಟ್ಟಿದ್ದಾನೆ, ಅದು ಧರ್ಮಾಸ್ಪತ್ರೆಯಲ್ಲ. ಈ ಒಂದು ಮಾತನ್ನು ಪ್ರತಿಯೊಬ್ಬ ಗಿರಣಿ ಕಾರ್ಮಿಕನೂ ನೆನಪಿನಲ್ಲಿಡಬೇಕು. ಆಸ್ಪತ್ರೆಯಲ್ಲಿ ತಪ್ಪಾಗಿದೆ ಎಂದು ಅನುಮಾನ ಬಂದರೆ ಚೀಟಿ, ಬಿಲ್ಲು, ಖಾಲಿ ಸೀಸೆಗಳನ್ನು ಕಸದ ಬುಟ್ಟಿಗೆ ಬಿಡದೆ ಕಾದಿರಿಸಿ; ದಾಖಲೆಯ ಪ್ರತಿಗೆ ಲಿಖಿತವಾಗಿ ಅರ್ಜಿ ಕೊಡಿ.

ಆದರೆ ಕೈತಪ್ಪಿದ ನರ್ಸನ್ನು ಬಲಿಗೊಟ್ಟು ಆಡಳಿತದವರು ಕೈತೊಳೆದುಕೊಳ್ಳುವುದಕ್ಕೆ ನಾವು ಸಹಾಯಕರಾಗಬಾರದು. ಅಮೆರಿಕದ ಸಿಯಾಟಲ್ ನಗರದ ಮಕ್ಕಳ ಆಸ್ಪತ್ರೆಯಲ್ಲಿ 2010ರಲ್ಲಿ, 24 ವರ್ಷ ದುಡಿದಿದ್ದ ನರ್ಸೊಬ್ಬಳು ಒಂದು ಕೂಸಿಗೆ ಹತ್ತು ಪಟ್ಟು ಔಷಧ ಕೊಟ್ಟಳು. ಲೆಕ್ಕದಲ್ಲಿ ಒಂದು ಸೊನ್ನೆ. ತಪ್ಪು ತಿಳಿದ ಕ್ಷಣವೇ ತಾನಾಗಿ ಹೇಳಿದಳು. ಕೂಸು ಉಳಿಯಲಿಲ್ಲ. ಅವಳ ನೌಕರಿ ಹೋಯಿತು. ಮರುವರ್ಷ ಅವಳು ಆತ್ಮಹತ್ಯೆ ಮಾಡಿಕೊಂಡಳು. ಹೇಳಿದ್ದಕ್ಕೆ ಸಿಕ್ಕ ಫಲ ಇದಾದರೆ ನಾಳೆ ಇನ್ನೊಬ್ಬಳು ಹೇಳುತ್ತಾಳೆಯೇ? ಇನ್ನೊಂದು ಪ್ರಸಂಗ ನೋಡಿ. 2006ರಲ್ಲಿ ಇಂಡಿಯಾನಾಪೊಲಿಸ್ ನಗರದ ಆಸ್ಪತ್ರೆಯಲ್ಲಿ ಮೂರು ಹಸುಗೂಸುಗಳು ಹೆಪಾರಿನ್ ಎಂಬ ಔಷಧ ಸಾವಿರ ಪಟ್ಟು ಹೆಚ್ಚಾಗಿ ಬಿದ್ದು ಸತ್ತವು. ಎರಡು ಬಲದ ಸೀಸೆಗಳೂ ನೋಡಲು ಹೆಚ್ಚುಕಡಿಮೆ ಒಂದೇ ಬಗೆ. ಮರುವರ್ಷ ಲಾಸ್ ಏಂಜಲೀಸಿನಲ್ಲಿ ಹೆಸರಾಂತ ಚಲಚ್ಚಿತ್ರ ನಟನೊಬ್ಬನ ಅವಳಿ ಕೂಸುಗಳಿಗೆ ಅದೇ ತಪ್ಪು ನಡೆಯಿತು. ಆ ಹೊತ್ತಿಗೆ ಕಂಪೆನಿ ಚೀಟಿಯ ಬಣ್ಣ ಬದಲಿಸಿತ್ತು, ಆದರೆ ಹಳೆಯ ದಾಸ್ತಾನನ್ನು ಹಿಂದಕ್ಕೆ ಕರೆಸಿರಲಿಲ್ಲ. ಅವಳಿಗಳು ಬದುಕಿದವು. ಶ್ರೀಮಂತನ ಮನೆಯ ಮಕ್ಕಳಾದ್ದರಿಂದ ದೇಶವೆಲ್ಲ ಸುದ್ದಿಯೂ ಆಯಿತು.

ಮಗು ಗುಣವಾಗಿ ಮನೆಗೆ ಬಂದ ಮೇಲೂ ಮನೆ ಗುಣವಾಗಿರುವುದಿಲ್ಲ. ಇದನ್ನು ಯಾರೂ ಬರೆಯುವುದಿಲ್ಲ, ಆದ್ದರಿಂದ ನಾವು ಬರೆಯುತ್ತೇವೆ. ಕೊಟ್ಟ ಕೈ ಮುಂದೆ ನಡುಗುತ್ತದೆ. ತಾಯಿ ಪ್ರತಿಯೊಂದು ಔಷಧವನ್ನೂ ಅರ್ಧಕ್ಕೆ ಇಳಿಸುತ್ತಾಳೆ, ಇಲ್ಲವೇ ಎರಡು ದಿನಕ್ಕೇ ನಿಲ್ಲಿಸುತ್ತಾಳೆ. ಮುಂದಿನ ಸಲ ಎದೆ ಕಟ್ಟಿ ನ್ಯುಮೋನಿಯಾ ಬಂದಾಗ ಅದೇ ಭಯ ಮಗುವಿಗೆ ಮುಳುವಾಗುತ್ತದೆ. ರಾತ್ರಿ ಎದ್ದು ಎದ್ದು ಮಗುವಿನ ಮೂಗಿನ ಹತ್ತಿರ ಬೆರಳಿಟ್ಟು ನೋಡುತ್ತಾಳೆ. ಗಂಡ ಕುಡಿದು ಬಂದ ದಿನ ಹಳೆಯ ಮಾತು ಎತ್ತುತ್ತಾನೆ. ಅತ್ತೆ ನಂಟರ ಮುಂದೆ ಎತ್ತುತ್ತಾಳೆ. ಹಿರಿಯ ಮಗಳು ಕೊಟ್ಟದ್ದಾಗಿದ್ದರೆ, "ತಮ್ಮನನ್ನು ಕೊಂದೇಬಿಡುತ್ತಿದ್ದೆ" ಎಂಬ ಮಾತು ಆ ಹುಡುಗಿಯ ಎದೆಯಲ್ಲಿ ಜೀವಮಾನವಿಡೀ ಕೂರುತ್ತದೆ. ಹತ್ತು ವರ್ಷದ ಹುಡುಗಿಯ ಕೈಗೆ ಸೀಸೆ ಬಂದದ್ದು ಹೇಗೆ? ಮೂವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಡೆ ಶಿಶುಗೃಹ ಇರಬೇಕೆಂದು 1948ರ ಕಾರ್ಖಾನೆ ಕಾಯಿದೆಯೇ ಹೇಳಿತ್ತು. ಎಷ್ಟು ಮಾಲೀಕರು ಅದನ್ನು ಕಾಗದದ ಮೇಲೆ ಬಿಟ್ಟು ನೆಲದ ಮೇಲೆ ನಡೆಸಿದರು?

ಗಂಡಸರಾದ ನಮ್ಮ ವಾಚಕರಿಗೆ ಒಂದು ಮಾತು. ಆಸ್ಪತ್ರೆಯಿಂದ ಬಂದ ಮೊದಲ ದಿನವೇ ಮುಂದಿನ ಔಷಧವನ್ನು ನೀವು ಅಳೆಯಿರಿ, ಅವಳು ನೋಡಲಿ. ಮರುದಿನ ಅವಳು ಅಳೆಯಲಿ, ನೀವು ನೋಡಿರಿ. ಎಂಜಿನ್ ಕೋಣೆಯಲ್ಲಿ ಹೊಸಬನಿಗೆ ಕೆಲಸ ಕಲಿಸುವುದು ಹೀಗೆಯೇ ಅಲ್ಲವೇ? ಎರಡು ಕಣ್ಣಿನ ಕೆಲಸವನ್ನು ನಾಲ್ಕು ಕಣ್ಣು ಮಾಡಿದರೆ ಕೈ ತಾನಾಗಿ ನಿಲ್ಲುತ್ತದೆ. ತಿಂಗಳು ಕಳೆದರೂ ಅವಳಿಗೆ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿಗೆ ಕರೆದುಕೊಂಡು ಹೋಗುವುದರಲ್ಲಿ ಅವಮಾನವೇನೂ ಇಲ್ಲ.

ಇ.ಎಸ್.ಐ. ವಿಷಯದಲ್ಲಿಯೂ ಹೇಳಬೇಕಾದದ್ದಿದೆ. ಕಾರ್ಮಿಕನಿಗೆ ಕಾಯಿಲೆಯಾದರೆ ಕೂಲಿಯ ನೂರಕ್ಕೆ 70ರಂತೆ ಕಾಯಿಲೆ ಭತ್ಯೆಯುಂಟು. ಅವನ ಮಗುವಿಗೆ ಚಿಕಿತ್ಸೆಯುಂಟು. ಆದರೆ ಮಗುವಿನ ಹಾಸಿಗೆಯ ಪಕ್ಕದಲ್ಲಿ ಕುಳಿತ ದಿನಗಳಿಗೆ ಕೂಲಿಯಿಲ್ಲ. ಒಂದು ದಿನ ಹೋದರೆ ಆ ದಿನದ ಕೂಲಿ, ಮೂರು ದಿನ ಹೋದರೆ ಕೆಲಸವೇ ಅನುಮಾನ. ಹೀಗಿರುವಾಗ ತಾಯಿ ಆಸ್ಪತ್ರೆಗೆ ಹೋಗುವುದನ್ನು ನಾಳೆಗೆ ನೂಕಿದಳೆಂದು ಆಕ್ಷೇಪಿಸುವವರು ಅವಳ ಹಾಜರಿ ಪುಸ್ತಕವನ್ನೂ ಒಮ್ಮೆ ನೋಡಲಿ. ಮಕ್ಕಳ ಕಾಯಿಲೆಗೆ ಸಂಬಳ ಸಹಿತ ರಜೆಯನ್ನು ಬೇಡಿಕೆಗಳ ಪಟ್ಟಿಗೆ ಸೇರಿಸಬೇಕೆಂದು ಕಾರ್ಮಿಕ ಸಂಘಗಳನ್ನು ಒತ್ತಾಯಿಸುತ್ತೇವೆ.

ಸರಕಾರ ಮಾಡತಕ್ಕದ್ದು ಅತಿ ದೊಡ್ಡದೇನೂ ಅಲ್ಲ. ಮಕ್ಕಳ ಜ್ವರದ ದ್ರವ ಔಷಧಕ್ಕೆ ದೇಶದಲ್ಲಿ ಒಂದೇ ಬಲ; ಪ್ರತಿ ಸೀಸೆಯೊಡನೆ ಗೆರೆಯಿರುವ ಸಿರಿಂಜು; ಪ್ರಮಾಣದ ಬರಹ ಕನ್ನಡದಲ್ಲಿ. ಬೀಡಿ ಕಟ್ಟಿನ ಮೇಲೆ ಎಚ್ಚರಿಕೆಯ ಚಿತ್ರ ಅಚ್ಚು ಹಾಕಿಸಬಲ್ಲ ಸರಕಾರಕ್ಕೆ ಇದು ಅಸಾಧ್ಯವೆಂದರೆ ನಂಬುವವರಾರು? ವೈದ್ಯರು ಔಷಧದ ಮೂಲ ಹೆಸರನ್ನು ಸ್ಪಷ್ಟವಾಗಿ, ಸಾಧ್ಯವಾದಷ್ಟೂ ದೊಡ್ಡ ಅಕ್ಷರದಲ್ಲಿ ಬರೆಯಬೇಕೆಂಬ ನಿಯಮ 2016ರಲ್ಲೇ ಬಂದಿದೆ. ಜಿಲ್ಲೆಯ ಯಾವ ಮೆಡಿಕಲ್ ಷಾಪಿಗೆ ಬೇಕಾದರೂ ಹೋಗಿ ಒಂದು ದಿನದ ಚೀಟಿಗಳನ್ನು ನೋಡಿದರೆ ಆ ನಿಯಮದ ಗತಿ ತಿಳಿಯುತ್ತದೆ.

ಸರಕಾರ ಎಚ್ಚರಗೊಳ್ಳುವವರೆಗೆ ಕಾಯಬೇಕಾಗಿಲ್ಲದ ಕೆಲಸವೊಂದು ನಮ್ಮ ಊರಿನ ಔಷಧ ವ್ಯಾಪಾರಿಗಳ ಕೈಯಲ್ಲಿದೆ. ಅವರಲ್ಲಿ ಹಲವರು ಈ ಪತ್ರಿಕೆಯ ಚಂದಾದಾರರು, ಜಾಹೀರಾತು ಕೊಟ್ಟು ಕಾಪಾಡಿದವರು. ಆದ್ದರಿಂದಲೇ ಸಂಕೋಚವಿಲ್ಲದೆ ಕೇಳುತ್ತೇವೆ. ಮಗುವಿನ ಸೀಸೆ ಮಾರುವಾಗ ಮೂರು ಕೆಲಸ ಮಾಡುವಿರಾ? ಮಗುವಿನ ತೂಕ ಕೇಳುವುದು, ಸಿರಿಂಜಿನ ಮೇಲೆ ಗೆರೆ ಗುರುತಿಸಿಕೊಡುವುದು, ಮನೆಯಲ್ಲಿ ಇದೇ ಔಷಧ ಬೇರೆ ಹೆಸರಿನಲ್ಲಿ ಇದೆಯೇ ಎಂದು ವಿಚಾರಿಸುವುದು. ಸಂಜೆಯ ಗಿರಾಕಿಗಳ ನೂಕುನುಗ್ಗಲಿನಲ್ಲಿ ಇದು ಆಗದ ಮಾತೆಂದು ತೋರಿದರೆ ಅದನ್ನೂ ತಿಳಿಸಿರಿ. ಉತ್ತರ ಏನೇ ಬಂದರೂ ಈ ಪುಟದಲ್ಲಿಯೇ ಅಚ್ಚು ಹಾಕುತ್ತೇವೆ.